ತವರಿಗೆ ಬರಲೂ ವೀಸಾ: ಗಡಿಯಾಚೆಯ ಮದುವೆಗಳ ಎಪ್ಪತ್ತೇಳು ವರ್ಷ

2025ರ ಏಪ್ರಿಲ್ ಕೊನೆಯ ವಾರ. ಹುನಗುಂದ ಬಸ್ ನಿಲ್ದಾಣದ ಹತ್ತಿರ ಒಂದು ಚಹಾದಂಗಡಿಯಲ್ಲಿ ನಾವಿಬ್ಬರು ಕೂತಿದ್ದೆವು. ಗೋಡೆಯ ಟಿವಿಯಲ್ಲಿ ಪಂಜಾಬಿನ ಅಟ್ಟಾರಿ ಗಡಿ. ಪಹಲ್ಗಾಮಿನಲ್ಲಿ ಉಗ್ರರು 26 ಜನರನ್ನು ಕೊಂದ ಮೇಲೆ ಸರ್ಕಾರ ಪಾಕಿಸ್ತಾನಿಗಳ ವೀಸಾ ರದ್ದು ಮಾಡಿತ್ತು. ಗೇಟಿನ ಮುಂದೆ ಚೀಲ, ಟ್ರಂಕು, ಅಳುವ ಮಕ್ಕಳು. ಕೆಲವು ಮಕ್ಕಳ ಕೈಯಲ್ಲಿ ಪಾಕಿಸ್ತಾನದ ಪಾಸ್‌ಪೋರ್ಟ್, ಅವರ ತಾಯಿಯ ಕೈಯಲ್ಲಿ ಭಾರತದ್ದು. ಮಕ್ಕಳು ದಾಟಬಹುದು, ತಾಯಿ ದಾಟುವಂತಿಲ್ಲ ಎಂದು ಅಧಿಕಾರಿಗಳು ಹೇಳುತ್ತಿದ್ದರು.

ಊರಿನ ಬಸ್ಸಿಗೆ ಕಾಯುತ್ತ ಕೂತಿದ್ದ ಅಜ್ಜಿಯೊಬ್ಬರು ನಮ್ಮ ಕಡೆ ತಿರುಗಿ ಕೇಳಿದರು: ‘ಅಲ್ಲ ತಮ್ಮಾ, ಮದುವಿ ಆದಮ್ಯಾಲ ಆಕಿ ಗಂಡನ ಮನಿಯಾಕಿ ಆದ್ಲಲ್ಲ? ಮತ್ತ ಯಾವ ದೇಶದಾಕಿ ಅಂತ ಯಾಕ ಕೇಳತಾರ?’

ಚಹಾ ಆರಿತು, ಉತ್ತರ ಹೊಳೆಯಲಿಲ್ಲ. ಅಜ್ಜಿಯ ಬಸ್ಸು ಬಂತು, ಹೋದರು. ಆ ಪ್ರಶ್ನೆ ಮಾತ್ರ ನಮ್ಮ ಜೊತೆ ಉಳಿಯಿತು. ಅದಕ್ಕೆ ಉತ್ತರ ಹುಡುಕುತ್ತ ಹೋದಾಗ ಸಿಕ್ಕಿದ್ದನ್ನು ಇಲ್ಲಿ ಬರೆದಿದ್ದೇವೆ. ಭಟ್ಕಳ, ಮೈಸೂರು, ಬೆಂಗಳೂರಿನ ಕಥೆಗಳೂ ಇದರಲ್ಲಿವೆ. ಆದರೆ ಶುರು ಮಾಡಬೇಕಾದದ್ದು ನಮ್ಮ ಇಳಕಲ್ಲಿನಿಂದಲೇ.

ನಮ್ಮ ಮಗ್ಗುಲಲ್ಲೇ ಇದ್ದ ಗಡಿ

ಇಂದು ಇಳಕಲ್ಲಿನಿಂದ ಕುಷ್ಟಗಿಗೆ ಹೋಗಲು ಯಾರೂ ಯೋಚಿಸುವುದಿಲ್ಲ. ಬಸ್ ಹತ್ತಿ ಕೂತರೆ ಆಯಿತು. ನಮ್ಮ ಮುತ್ತಜ್ಜಂದಿರ ಕಾಲಕ್ಕೆ ಹಾಗಿರಲಿಲ್ಲ. ಬಾಗಲಕೋಟೆ, ಬಾದಾಮಿ, ಹುನಗುಂದ ಆಗ ಬಿಜಾಪುರ ಜಿಲ್ಲೆಯಲ್ಲಿದ್ದವು, ಬಿಜಾಪುರ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿತ್ತು. ಕುಷ್ಟಗಿ, ಲಿಂಗಸುಗೂರು, ಮುದಗಲ್ಲು ಕಡೆಯದ್ದು ಹೈದರಾಬಾದ್ ನಿಜಾಮರ ರಾಜ್ಯ. ನಮ್ಮ ಹಿರಿಯರ ಬಾಯಲ್ಲಿ ಅದು ‘ಮೊಗಲಾಯಿ’. ಅಲ್ಲಿ ನಾಣ್ಯ ಬೇರೆ, ಸುಂಕದ ಕಟ್ಟೆ ಬೇರೆ, ಕೋರ್ಟು ಬೇರೆ.

ಆದರೂ ಹೆಣ್ಣು ಕೊಡುವುದು, ತರುವುದು ನಿಲ್ಲಲಿಲ್ಲ. ಇಳಕಲ್ ಸೀರೆ ಉಟ್ಟು ಮೊಗಲಾಯಿಗೆ ಹೋದ ಮದುಮಗಳು ಪಂಚಮಿಗೆ ಉಂಡಿ ತಿನ್ನಲು ತವರಿಗೆ ಬರುತ್ತಿದ್ದಳು. ರಾಜ್ಯ ಬೇರೆಯಾಗಿತ್ತು, ಬಳಗ ಒಂದೇ ಇತ್ತು.

1947ರ ಆಗಸ್ಟ್ 15ಕ್ಕೆ ದೇಶ ಸ್ವತಂತ್ರವಾದಾಗ ನಿಜಾಮರು ಭಾರತಕ್ಕೆ ಸೇರಲಿಲ್ಲ. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ತನಕ, ಅಂದರೆ ಹದಿಮೂರು ತಿಂಗಳು, ಇಳಕಲ್ಲಿನ ಮೂಡಣ ದಿಕ್ಕಿನ ಆ ಗೆರೆ ದೇಶದ ಗಡಿಯಂತೆಯೇ ಇತ್ತು. ರಜಾಕಾರರ ಹಾವಳಿಗೆ ಹೆದರಿ ಜನ ಈಚೆಗೆ ಬಂದರು. ಮುಂಡರಗಿ, ಗಜೇಂದ್ರಗಡಗಳಲ್ಲಿ ಹೋರಾಟಗಾರರ ಗಡಿ ಶಿಬಿರಗಳು ಎದ್ದವು.

ಆ ಗೆರೆ ಅಳಿಸಿಹೋಯಿತು, ಪುಣ್ಯ. 1956ರಲ್ಲಿ ಎರಡೂ ಕಡೆಯವರು ಒಂದೇ ರಾಜ್ಯದವರಾದೆವು. ಅಳಿಸದೆ ಉಳಿದಿದ್ದರೆ ಇವತ್ತು ಹುನಗುಂದದ ಎಷ್ಟು ಮನೆಗಳ ಸೊಸೆಯಂದಿರು ಅಟ್ಟಾರಿಯಂಥ ಗೇಟಿನ ಮುಂದೆ ನಿಲ್ಲಬೇಕಿತ್ತು, ನೀವೇ ಲೆಕ್ಕ ಹಾಕಿ.

ಇನ್ನೊಂದು ಸಂಗತಿ ಓದಿ ನಾವೇ ಬೆರಗಾದೆವು. ಕರಾಚಿ ಇರುವ ಸಿಂಧ್ ಕೂಡ 1936ರ ತನಕ ಮುಂಬೈ ಪ್ರಾಂತ್ಯದಲ್ಲೇ ಇತ್ತು. ಅಂದರೆ ಬಾಗಲಕೋಟೆ, ಭಟ್ಕಳ, ಕರಾಚಿ ಮೂರೂ ಒಂದೇ ಸರ್ಕಾರದ ಕೆಳಗಿದ್ದ ಊರುಗಳು. ವ್ಯಾಪಾರಕ್ಕೆ ಹೋದವರು ಅಲ್ಲಿ ನೆಲೆ ನಿಂತರು, ನೆಂಟಸ್ತನ ಬೆಳೆಯಿತು. ಅದು ಪರದೇಶದ ಮದುವೆ ಎಂದು ಆಗ ಯಾರೂ ತಿಳಿದಿರಲಿಲ್ಲ. ಮುಂದೆ ಜನ ಇದ್ದಲ್ಲೇ ಇದ್ದರು, ಗಡಿ ಬಂದು ಅವರ ನಡುವೆ ಕೂತಿತು.

ಮೊದಲ ಕಾಗದ: 1948ರ ಪರ್ಮಿಟ್

ವಿಭಜನೆಯಾದ ಕೂಡಲೇ ಪಾಸ್‌ಪೋರ್ಟ್, ವೀಸಾ ಇರಲಿಲ್ಲ. ಮೊದಲ ಒಂದು ವರ್ಷ ಜನ ಹೋಗಿ ಬಂದು ಮಾಡುತ್ತಿದ್ದರು. 1948ರ ಜುಲೈನಲ್ಲಿ ಭಾರತ ಸರ್ಕಾರ ಪಶ್ಚಿಮ ಪಾಕಿಸ್ತಾನದಿಂದ ಬರುವವರಿಗೆ ಪರ್ಮಿಟ್ ಕಡ್ಡಾಯ ಮಾಡಿತು. ಪರ್ಮಿಟ್ಟಿನಲ್ಲೂ ಬಗೆಗಳಿದ್ದವು. ನೆಂಟರನ್ನು ನೋಡಿ ಹೋಗಲು ತಾತ್ಕಾಲಿಕ ಪರ್ಮಿಟ್, ಇಲ್ಲೇ ಉಳಿಯಲು ಕಾಯಂ ಪರ್ಮಿಟ್.

ಸಂವಿಧಾನದಲ್ಲೂ ಇದರ ಗುರುತು ಇದೆ. 1947ರ ಮಾರ್ಚ್ 1ರ ನಂತರ ಪಾಕಿಸ್ತಾನಕ್ಕೆ ವಲಸೆ ಹೋದವರು ಭಾರತದ ಪ್ರಜೆಗಳಲ್ಲ ಎಂದು 7ನೇ ವಿಧಿ ಹೇಳುತ್ತದೆ. ಕಾಯಂ ಆಗಿ ಮರಳಲು ಪರ್ಮಿಟ್ ಪಡೆದು ಬಂದವರಿಗೆ ಮಾತ್ರ ಅದರಿಂದ ವಿನಾಯಿತಿ.

ಇದರ ಬಿಸಿ ಒಬ್ಬ ಹೆಂಡತಿಗೆ ತಟ್ಟಿದ್ದು ಸುಪ್ರೀಂ ಕೋರ್ಟಿನ ದಾಖಲೆಯಲ್ಲಿದೆ. ಬಿಹಾರದ ಗಯಾದ ಜಮೀನ್ದಾರರೊಬ್ಬರ ಪತ್ನಿ 1948ರ ಜುಲೈನಲ್ಲಿ ಕರಾಚಿಗೆ ಹೋದರು. ಚಿಕಿತ್ಸೆಗೆ ಹೋಗಿದ್ದೆ ಎಂಬುದು ಅವರ ವಾದ. ಡಿಸೆಂಬರಿನಲ್ಲಿ ತಾತ್ಕಾಲಿಕ ಪರ್ಮಿಟ್ ಮೇಲೆ ಬಂದರು, ಆ ಅವಧಿಯ ಕೊನೆಗೆ ಮತ್ತೆ ಹೋದರು. 1950ರಲ್ಲಿ ಕಾಯಂ ಪರ್ಮಿಟ್ ಹಿಡಿದು ಬಂದರೆ ಅದನ್ನು ಸರ್ಕಾರ ರದ್ದು ಮಾಡಿತು. ಗಂಡ ಎಲ್ಲಿಯ ನಿವಾಸಿಯೋ ಹೆಂಡತಿಯೂ ಅಲ್ಲಿಯವಳೇ, ಗಂಡ ಭಾರತ ಬಿಟ್ಟು ಹೋಗಿಲ್ಲ, ಹಾಗಾಗಿ ಈಕೆಯೂ ಭಾರತೀಯಳೇ ಎಂಬ ವಾದ ನಡೆಯಿತು. 1955ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ವಲಸೆ ಹೋದ ಮೇಲೆ ಗಂಡ ಇಲ್ಲಿದ್ದಾನೆ ಎಂಬ ಕಾರಣ ಸಾಲದು ಎಂದಿತು.

ಹುನಗುಂದದ ಅಜ್ಜಿ 2025ರಲ್ಲಿ ಕೇಳಿದ ಪ್ರಶ್ನೆಗೆ 1955ರಲ್ಲೇ ದೇಶದ ದೊಡ್ಡ ಕೋರ್ಟು ಕೊಟ್ಟಿದ್ದ ಉತ್ತರ ಅದು. ಮದುವೆಯ ಸಂಬಂಧ ಬೇರೆ, ಪೌರತ್ವ ಬೇರೆ.

ನಮ್ಮ ಬಾಗಲಕೋಟೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಲಮಟ್ಟಿ ಹಿನ್ನೀರಿಗೆ ಊರು ಮುಳುಗುವಾಗ ಮೂರು ತಲೆಮಾರು ಬಾಳಿದ ಮನೆ ಕಣ್ಣೆದುರಿಗೇ ಇದ್ದರೂ, ಅಧಿಕಾರಿಗಳು ಮೊದಲು ಕೇಳಿದ್ದು ಉತಾರ. ಮನೆಗೆ ಸಾಕ್ಷಿ ಗೋಡೆಯಲ್ಲ, ಕಾಗದ ಎಂಬುದನ್ನು ಮುಳುಗಡೆ ಕಂಡ ಜನ ಬಲ್ಲರು.

ಪಾಸ್‌ಪೋರ್ಟ್ ಬಂತು, ದಾರಿ ಸಣ್ಣದಾಯಿತು

1952ರ ಅಕ್ಟೋಬರಿನಲ್ಲಿ ಎರಡು ದೇಶಗಳ ನಡುವೆ ಪಾಸ್‌ಪೋರ್ಟ್ ಮತ್ತು ವೀಸಾ ಪದ್ಧತಿ ಬಂತು. 1955ರಲ್ಲಿ ಪೌರತ್ವ ಕಾಯ್ದೆ ಬಂತು. ಅದರ 9ನೇ ಕಲಮಿನ ಪ್ರಕಾರ ಭಾರತೀಯರು ತಾವಾಗಿ ಬೇರೆ ದೇಶದ ಪೌರತ್ವ ಪಡೆದರೆ ಇಲ್ಲಿನ ಪೌರತ್ವ ಹೋಗುತ್ತದೆ.

ಈ ಒಂದು ಕಲಮು ಎಷ್ಟೋ ಹೆಣ್ಣುಮಕ್ಕಳ ಬಾಳನ್ನು ತಿರುಗಿಸಿತು. ಪಾಕಿಸ್ತಾನಕ್ಕೆ ಮದುವೆಯಾಗಿ ಹೋದಾಕೆ ಅಲ್ಲಿನ ಪೌರತ್ವ ಪಡೆದಳು ಅನ್ನಿ. ಅಂದಿನಿಂದ ಆಕೆ ತನ್ನ ತವರಿಗೆ ಪರದೇಶಿ. ಅಪ್ಪ ಹಾಸಿಗೆ ಹಿಡಿದರೂ, ತಮ್ಮನ ಮದುವೆ ಇದ್ದರೂ ವೀಸಾ ಕೇಳಬೇಕು. ಗಂಡ ತೀರಿಕೊಂಡು ಅಥವಾ ತಲಾಖ್ ಆಗಿ ಹುಟ್ಟಿದ ಮನೆಗೆ ಮರಳಿದರೂ ಆಕೆ ವಿದೇಶಿಯಾಗಿಯೇ ಅರ್ಜಿ ಹಾಕಬೇಕು.

ವೀಸಾ ಎಂದರೆ ದೇಶಕ್ಕೆಲ್ಲ ಒಂದೇ ಚೀಟಿ ಎಂದು ನಾವು ತಿಳಿದಿದ್ದೆವು. ಭಾರತ ಪಾಕಿಸ್ತಾನದ ನಡುವೆ ಹಾಗಲ್ಲ, ಊರಿನ ಹೆಸರು ಬರೆದೇ ವೀಸಾ ಕೊಡುತ್ತಾರೆ. 1974ರ ಒಪ್ಪಂದದಲ್ಲಿ ನೆಂಟರನ್ನು ನೋಡಲು ಬಂದವರಿಗೆ ಮೂರು ಊರು ಮಾತ್ರ. 2012ರ ಒಪ್ಪಂದ ಅದನ್ನು ಐದಕ್ಕೆ ಏರಿಸಿತು. ಮದುವೆಯಾದ ಗಂಡ ಹೆಂಡಿರಿಗೆ, 65 ದಾಟಿದ ಹಿರಿಯರಿಗೆ, ತಂದೆತಾಯಿಯ ಜೊತೆ ಬರುವ 12 ವರ್ಷದೊಳಗಿನ ಮಕ್ಕಳಿಗೆ ಎರಡು ವರ್ಷದ ಅವಧಿಯಲ್ಲಿ ಹಲವು ಸಲ ಬಂದು ಹೋಗುವ ಅವಕಾಶವನ್ನೂ ಕೊಟ್ಟಿತು. ಈ ಮದುವೆಗಳನ್ನು ಎರಡೂ ಸರ್ಕಾರಗಳು ಹೆಸರಿಟ್ಟು ಗುರುತಿಸಿದ ಒಳ್ಳೆಯ ಗಳಿಗೆ ಅದು.

ಬಾದಾಮಿಯ ಲಾಡ್ಜ್ ಮಾಲೀಕರಿಗೆ ‘ಸಿ ಫಾರ್ಮ್’ ಗೊತ್ತು. ಗುಹೆ ನೋಡಲು ಬಂದ ವಿದೇಶಿಯರು ತಂಗಿದರೆ 24 ತಾಸಿನೊಳಗೆ ಮಾಹಿತಿ ಕೊಡಬೇಕು. ಹೋಟೆಲಿನವರು ಅದನ್ನು ತುಂಬಿದರೆ ಪ್ರವಾಸಿಗಳ ಕೆಲಸ ಬಹುಮಟ್ಟಿಗೆ ಮುಗಿಯಿತು. ಪಾಕಿಸ್ತಾನದಿಂದ ಬಂದವರಿಗೆ ಇಷ್ಟು ಸಾಲದು. ಸಾಮಾನ್ಯವಾಗಿ ಅವರು ತಾವೇ ಪೊಲೀಸರ ಮುಂದೆ ಹಾಜರಾಗಿ ಹೆಸರು ನೋಂದಾಯಿಸಬೇಕು, ಊರು ಬಿಡುವಾಗಲೂ ತಿಳಿಸಬೇಕು. ಗಂಡನ ಮನೆಗೆ ಬಂದ ಸೊಸೆಗೂ ಇದರಿಂದ ಬಿಡುವಿಲ್ಲ. ನಮ್ಮಂಥ ಜಿಲ್ಲೆಗಳಲ್ಲಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯೇ ವಿದೇಶಿಯರ ನೋಂದಣಾಧಿಕಾರಿ.

ಕಾಗದ ಸಿಕ್ಕರೆ ದಾರಿಯೂ ಬೇಕಲ್ಲ. 1965 ಮತ್ತು 1971ರ ಯುದ್ಧಗಳು ದಾರಿ ಮುಚ್ಚಿದವು. 1976ರ ಜುಲೈನಲ್ಲಿ ಸಂಝೌತಾ ಎಕ್ಸ್‌ಪ್ರೆಸ್ ಓಡಿತು. 1994ರಲ್ಲಿ ಕರಾಚಿಯ ಭಾರತೀಯ ದೂತ ಕಚೇರಿ ಮುಚ್ಚಿತು, ಅಲ್ಲಿಂದ ಮುಂದೆ ಕರಾಚಿಯವರು ವೀಸಾಕ್ಕೆ ದೂರದ ಇಸ್ಲಾಮಾಬಾದನ್ನೇ ನೆಚ್ಚಬೇಕಾಯಿತು. 1999ರಲ್ಲಿ ದೆಹಲಿ-ಲಾಹೋರ್ ಬಸ್ಸು ಬಂತು. 2006ರಲ್ಲಿ ರಾಜಸ್ಥಾನದ ಮುನಾಬಾವ್ ದಾರಿಯಲ್ಲಿ ಥಾರ್ ಎಕ್ಸ್‌ಪ್ರೆಸ್ ಬಂತು. 2019ರ ಆಗಸ್ಟಿನಲ್ಲಿ ಎರಡು ರೈಲು, ಒಂದು ಬಸ್ಸು ಮೂರೂ ನಿಂತವು.

ಇದು ಒಂದೇ ಧರ್ಮದವರ ತಾಪತ್ರಯ ಎಂದು ಯಾರಾದರೂ ಹೇಳಿದರೆ ಥಾರ್ ಮರುಭೂಮಿಯ ಕಡೆ ನೋಡಲು ಹೇಳಿ. ಸಿಂಧ್‌ನ ಉಮರಕೋಟೆ ಸೀಮೆಯಲ್ಲಿ ಸೋಢಾ ರಜಪೂತರಿದ್ದಾರೆ. ಅವರು ಹಿಂದೂಗಳು, ಪಾಕಿಸ್ತಾನದ ಪ್ರಜೆಗಳು. ನಮ್ಮಲ್ಲಿ ಬೆಡಗು ಒಂದೇ ಆದರೆ ಮದುವೆಯಿಲ್ಲ ಅನ್ನುವಂತೆ, ಅವರೂ ತಮ್ಮ ಕುಲದೊಳಗೆ ಮದುವೆಯಾಗುವುದಿಲ್ಲ. ಹೀಗಾಗಿ ಹೆಣ್ಣು, ಗಂಡು ಹುಡುಕಲು ರಾಜಸ್ಥಾನಕ್ಕೆ ಬರಲೇಬೇಕು. 2025ರ ಏಪ್ರಿಲಿನಲ್ಲಿ ಅಟ್ಟಾರಿ ಮುಚ್ಚಿದಾಗ ರಾಜಸ್ಥಾನದ ವರನೊಬ್ಬನ ದಿಬ್ಬಣವೂ ಅಲ್ಲಿಂದಲೇ ಹಿಂದಿರುಗಿತು.

ಭಟ್ಕಳದ ಸೊಸೆಯಂದಿರು

ನಮ್ಮ ರಾಜ್ಯದಲ್ಲಿ ಈ ಮಾತು ಬಂದಾಗ ಮೊದಲು ಕೇಳುವ ಹೆಸರು ಉತ್ತರ ಕನ್ನಡದ ಭಟ್ಕಳ. ಅಲ್ಲಿನ ನವಾಯತರು ತಲೆತಲಾಂತರದಿಂದ ಕಡಲ ವ್ಯಾಪಾರದವರು. ಕೆಲವು ಕುಟುಂಬಗಳ ಬಳಗ ಕರಾಚಿಯಲ್ಲಿದೆ. ಸೋದರ ಸಂಬಂಧದಲ್ಲಿ ಹೆಣ್ಣು ತರುವ ರೂಢಿ ನಮ್ಮಲ್ಲೂ ಇದೆ, ಅವರಲ್ಲೂ ಇದೆ. ಗಲ್ಫ್ ದೇಶಗಳಲ್ಲಿ ದುಡಿಯಲು ಹೋದವರ ನಡುವೆಯೂ ಸಂಬಂಧಗಳು ಬೆಳೆದವು. ಹಾಗೆ ಬಂದ ಸೊಸೆಯಂದಿರು ಅಲ್ಲಿ ವರ್ಷಗಟ್ಟಲೆಯಿಂದ ಸಂಸಾರ ಮಾಡುತ್ತಿದ್ದಾರೆ, ಮಕ್ಕಳು ಕನ್ನಡ ಕಲಿತಿದ್ದಾರೆ.

ಅವರು ಇಲ್ಲಿರುವುದು ದೀರ್ಘಾವಧಿ ವೀಸಾ ಮೇಲೆ. ಬಾಯಿಮಾತಿನಲ್ಲಿ ‘ಎಲ್‌ಟಿವಿ’. ಈ ದಾರಿ ಹೇಗೆ ಸಾಗುತ್ತದೆ ಎಂಬುದನ್ನು ನೇರವಾಗಿ ಹೇಳುತ್ತೇವೆ.

ಮೊದಲು ಸರಿಯಾದ ವೀಸಾದಲ್ಲಿ ದೇಶದೊಳಗೆ ಬರಬೇಕು. ಬಂದ ಮೇಲೆ ನೋಂದಣಾಧಿಕಾರಿಯ ಮೂಲಕ ದೀರ್ಘಾವಧಿ ವೀಸಾಕ್ಕೆ ಅರ್ಜಿ. ಕೇಂದ್ರ ಗೃಹ ಇಲಾಖೆ ಒಪ್ಪಬೇಕು. ಸಿಕ್ಕ ಮೇಲೂ ಅವಧಿ ಮುಗಿಯುವ ಮುಂಚೆ ನವೀಕರಿಸುತ್ತಲೇ ಇರಬೇಕು. ಹೀಗೆ ಏಳು ವರ್ಷ ಇಲ್ಲಿ ವಾಸ ಮಾಡಿದ ಮೇಲೆ ಪೌರತ್ವ ಕಾಯ್ದೆಯ 5ನೇ ಕಲಮಿನಡಿ, ಭಾರತೀಯರನ್ನು ಮದುವೆಯಾದವರು ಎಂಬ ಆಧಾರದ ಮೇಲೆ ನೋಂದಣಿಗೆ ಅರ್ಜಿ ಹಾಕಬಹುದು. ಅರ್ಜಿಯ ಹಿಂದಿನ ಹನ್ನೆರಡು ತಿಂಗಳು ಪೂರ್ತಿ ಇಲ್ಲೇ ಇರಬೇಕು, ಅದಕ್ಕೂ ಹಿಂದಿನ ಎಂಟು ವರ್ಷಗಳಲ್ಲಿ ಒಟ್ಟು ಆರು ವರ್ಷ ಇಲ್ಲಿದ್ದಿರಬೇಕು.

ಈ ಅವಧಿ ಮೊದಲು ಇಷ್ಟಿರಲಿಲ್ಲ. 1986ರ ತಿದ್ದುಪಡಿ ಐದು ವರ್ಷ ಎಂದಿತು, 2003ರ ತಿದ್ದುಪಡಿ ಏಳು ಮಾಡಿತು. 1955ರ ಮೂಲ ಕಾಯ್ದೆಯಲ್ಲಿ ಈ ಅವಕಾಶ ಭಾರತೀಯ ಗಂಡನ ಹೆಂಡತಿಗೆ ಮಾತ್ರ ಇತ್ತು, ಭಾರತೀಯ ಹೆಂಡತಿಯ ಗಂಡನಿಗೆ ಇರಲಿಲ್ಲ. ಇನ್ನು ಅಮೆರಿಕ, ಇಂಗ್ಲೆಂಡಿನ ಸೊಸೆ ಅಳಿಯಂದಿರಿಗೆ ಸಿಗುವ ‘ಒಸಿಐ’ ಕಾರ್ಡು ಪಾಕಿಸ್ತಾನದವರಿಗೆ ಸಿಗುವುದಿಲ್ಲ. ತಂದೆತಾಯಿ, ಅಜ್ಜ ಅಜ್ಜಿ ಪಾಕಿಸ್ತಾನದ ಪ್ರಜೆಗಳಾಗಿದ್ದರೂ ಇಲ್ಲ.

ಅಡ್ಡದಾರಿ ಹಿಡಿದವರು

ದಾರಿ ಉದ್ದವಾದಾಗ ಅಡ್ಡದಾರಿ ಹುಡುಕುವವರು ಹುಟ್ಟುತ್ತಾರೆ. 2021ರ ಜೂನ್‌ನಲ್ಲಿ ಭಟ್ಕಳದಲ್ಲಿ ಒಬ್ಬ ಮಹಿಳೆಯನ್ನು ಪೊಲೀಸರು ಬಂಧಿಸಿದರು. ದುಬೈನಲ್ಲಿ ಭಟ್ಕಳದವರನ್ನು ಮದುವೆಯಾಗಿದ್ದ ಪಾಕಿಸ್ತಾನದಾಕೆ. ಒಮ್ಮೆ ವೀಸಾ ಪಡೆದು ಬಂದು ಹೋಗಿದ್ದರು. ಆಮೇಲೆ ವೀಸಾ ಇಲ್ಲದೆ ಬಂದು ವರ್ಷಗಟ್ಟಲೆ ಇದ್ದರು, ಆಧಾರ್, ಪಡಿತರ ಚೀಟಿ ಮಾಡಿಸಿಕೊಂಡಿದ್ದರು ಎಂಬುದು ಪೊಲೀಸರ ಆರೋಪ.

2023ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಇನ್ನೊಂದು ಪ್ರಕರಣ. ಮೊಬೈಲಿನಲ್ಲಿ ಲುಡೊ ಆಡುತ್ತ ಪರಿಚಯವಾದ ಉತ್ತರ ಪ್ರದೇಶದ ಹುಡುಗನನ್ನು ನಂಬಿ 19 ವರ್ಷದ ಪಾಕಿಸ್ತಾನಿ ಹುಡುಗಿ ನೇಪಾಳಕ್ಕೆ ಬಂದಳು. ಅಲ್ಲಿ ಮದುವೆ, ಅಲ್ಲಿಂದ ಕದ್ದು ಭಾರತ. ತಾಯಿಗೆ ಫೋನ್ ಮಾಡಲು ಹೋಗಿ ಸಿಕ್ಕಿಬಿದ್ದಳು. ಫೆಬ್ರುವರಿಯಲ್ಲಿ ಅಟ್ಟಾರಿಯ ಮೂಲಕ ವಾಪಸ್ ಕಳಿಸಿದರು. ಹುಡುಗ ಜೈಲಿಗೆ ಹೋದ.

ನಿಮ್ಮ ಕೈಯಲ್ಲೂ ಮೊಬೈಲ್ ಇದೆ, ನಿಮ್ಮ ಮಕ್ಕಳ ಕೈಯಲ್ಲೂ ಇದೆ. ಆದ್ದರಿಂದ ಬಿಡಿಸಿ ಹೇಳುತ್ತೇವೆ. ಕಾನೂನು ಮೀರಿ ಬಂದವರನ್ನು ಕಾಯ್ದೆ ‘ಅಕ್ರಮ ವಲಸಿಗರು’ ಎನ್ನುತ್ತದೆ. ಅವರು 5ನೇ ಕಲಮಿನಡಿ ಪೌರತ್ವಕ್ಕೆ ಅರ್ಜಿ ಹಾಕುವಂತೆಯೇ ಇಲ್ಲ. ಅಂದರೆ ಏಳು ವರ್ಷ ಕಾಯಲು ಬೇಸತ್ತು ಅಡ್ಡದಾರಿ ಹಿಡಿದವರಿಗೆ ನೇರದಾರಿಯೂ ಮುಚ್ಚುತ್ತದೆ. 2025ರ ಸೆಪ್ಟೆಂಬರ್ 1ರಿಂದ ಜಾರಿಯಾದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆಯಲ್ಲಿ ಸರಿಯಾದ ಪಾಸ್‌ಪೋರ್ಟ್, ವೀಸಾ ಇಲ್ಲದೆ ಬಂದರೆ ಐದು ವರ್ಷದ ತನಕ ಜೈಲು, ಐದು ಲಕ್ಷದ ತನಕ ದಂಡ. ಖೊಟ್ಟಿ ಪಾಸ್‌ಪೋರ್ಟ್, ವೀಸಾ ಬಳಸಿದರೆ ಕನಿಷ್ಠ ಎರಡು ವರ್ಷ, ಹೆಚ್ಚೆಂದರೆ ಏಳು ವರ್ಷ ಜೈಲು. ಆಧಾರ್ ಕಾರ್ಡು ಇದ್ದರೆ ಆಯಿತು ಎಂದು ಯಾರಾದರೂ ಏಜೆಂಟರು ಹೇಳಿದರೆ ನಂಬಬೇಡಿ. ಆಧಾರ್ ಗುರುತಿನ ಚೀಟಿ, ಪೌರತ್ವದ ಸಾಕ್ಷಿಯಲ್ಲ.

ಮಕ್ಕಳು ಯಾರ ಪಾಲಿಗೆ?

ಈ ಕಥೆಯಲ್ಲಿ ನಮಗೆ ಬಹಳ ನೋವು ತಂದದ್ದು ಮಕ್ಕಳ ಪಾಡು.

1987ರ ಜುಲೈ 1ಕ್ಕಿಂತ ಮುಂಚೆ ಭಾರತದಲ್ಲಿ ಹುಟ್ಟಿದರೆ ಸಾಕಿತ್ತು, ಮಗು ಭಾರತೀಯ. ಆಮೇಲೆ ತಂದೆ ತಾಯಿಯಲ್ಲಿ ಒಬ್ಬರಾದರೂ ಭಾರತೀಯರಿರಬೇಕು ಎಂದಾಯಿತು. 2004ರ ಡಿಸೆಂಬರ್ 3ರಿಂದ ಇನ್ನೂ ಬಿಗಿ: ಒಬ್ಬರು ಭಾರತೀಯರಾದರೆ ಸಾಲದು, ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ತಾಯಿ ಕದ್ದು ಬಂದಿದ್ದರೆ ಇಲ್ಲೇ ಹುಟ್ಟಿದ ಮಗುವಿನ ಪೌರತ್ವಕ್ಕೂ ಅಡ್ಡಿ. ಹೊರದೇಶದಲ್ಲಿ ಹುಟ್ಟಿದವರಿಗೂ 1992ರ ಡಿಸೆಂಬರ್ 10ರ ತನಕ ತಂದೆಯ ಪೌರತ್ವ ಮಾತ್ರ ಲೆಕ್ಕಕ್ಕೆ ಬರುತ್ತಿತ್ತು, ಅಂದಿನಿಂದ ತಾಯಿಯದ್ದೂ ಬರುತ್ತದೆ. ಆದರೆ ಭಾರತೀಯ ದೂತ ಕಚೇರಿಯಲ್ಲಿ ಜನನ ನೋಂದಣಿ ಮಾಡಿಸದೆ ಪಾಕಿಸ್ತಾನದ ಪಾಸ್‌ಪೋರ್ಟ್ ಮಾಡಿಸಿದರೆ ತೊಡಕು ಶುರು.

ಬೆಂಗಳೂರಿನ ಒಬ್ಬ ತಾಯಿ ದುಬೈನಲ್ಲಿ ಪಾಕಿಸ್ತಾನದವರನ್ನು ಮದುವೆಯಾಗಿ, ವಿಚ್ಛೇದನದ ನಂತರ ಇಬ್ಬರು ಮಕ್ಕಳನ್ನು ತವರಿಗೆ ಕರೆತಂದರು. ಮಕ್ಕಳದ್ದು ಪಾಕಿಸ್ತಾನದ ಪಾಸ್‌ಪೋರ್ಟ್. ಭಾರತದ ಪೌರತ್ವ ಬೇಕಾದರೆ ಆ ಪೌರತ್ವ ಬಿಟ್ಟುಕೊಟ್ಟ ಪತ್ರ ತರಬೇಕು. ಪಾಕಿಸ್ತಾನದ ಕಾನೂನಿನಲ್ಲಿ 21 ವರ್ಷ ತುಂಬದೆ ಪೌರತ್ವ ಬಿಡಲು ಬರುವುದಿಲ್ಲ. ಕರ್ನಾಟಕ ಹೈಕೋರ್ಟ್ ಅವರ ಅರ್ಜಿಯನ್ನು ಒಪ್ಪಲಿಲ್ಲ. ತಾಯಿಯ ಮಡಿಲಲ್ಲೇ ಇದ್ದ ಮಕ್ಕಳು ಕಾಗದದಲ್ಲಿ ಬೇರೆ ದೇಶದವರಾಗಿಯೇ ಉಳಿದರು.

2025ರ ಏಪ್ರಿಲಿನಲ್ಲಿ ಮೈಸೂರಿನ ತಾಯಿಯೊಬ್ಬರ ಮೂವರು ಚಿಕ್ಕ ಮಕ್ಕಳ ಪ್ರಕರಣವೂ ಹೈಕೋರ್ಟಿಗೆ ಬಂತು. ತಾಯಿ ಭಾರತೀಯಳು, ತಂದೆ ಮತ್ತು ಮಕ್ಕಳು ಪಾಕಿಸ್ತಾನದ ಪ್ರಜೆಗಳು. ವೀಸಾ ರದ್ದಾದಾಗ ಮಕ್ಕಳನ್ನು ಅಟ್ಟಾರಿಯ ತನಕ ಕರೆದೊಯ್ದರು. ಕರೆದುಕೊಳ್ಳಲು ಆ ಕಡೆಯಿಂದ ಯಾರೂ ಬರಲಿಲ್ಲ, ಮಕ್ಕಳು ಮೈಸೂರಿಗೆ ಮರಳಿದರು. ಗಡಿ ಎಂದರೇನು ಎಂದು ತಿಳಿಯದ ವಯಸ್ಸು.

ಅಜ್ಜಿಗೆ ನಮ್ಮ ಉತ್ತರ

ಆ ಏಪ್ರಿಲಿನಲ್ಲಿ ದೀರ್ಘಾವಧಿ ವೀಸಾ ಇದ್ದವರಿಗೆ ದೇಶ ಬಿಡುವ ಆದೇಶ ಅನ್ವಯಿಸಲಿಲ್ಲ. ಭಟ್ಕಳದ ಸೊಸೆಯಂದಿರು ಉಳಿದದ್ದು ಇದರಿಂದಲೇ. ಆದರೆ ಅವರೂ ಮೇ 10ರಿಂದ ಜುಲೈ 10ರೊಳಗೆ ಆನ್‌ಲೈನಿನಲ್ಲಿ ಹೊಸದಾಗಿ ಅರ್ಜಿ ಹಾಕಬೇಕೆಂದು ಸರ್ಕಾರ ಹೇಳಿತು. ಇಪ್ಪತ್ತು ವರ್ಷ ಸಂಸಾರ ಮಾಡಿದಾಕೆಯೂ ಮತ್ತೆ ಅರ್ಜಿ ನಮೂನೆ ತುಂಬಲು ಕೂತಳು.

ದೇಶದ ಭದ್ರತೆ ಮುಖ್ಯ, ಅದರಲ್ಲಿ ಎರಡು ಮಾತಿಲ್ಲ. ಪಹಲ್ಗಾಮಿನಲ್ಲಿ ಗಂಡನನ್ನು ಕಳೆದುಕೊಂಡ ಹೆಣ್ಣುಮಕ್ಕಳ ಕಣ್ಣೀರನ್ನು ನಾವು ಮರೆತಿಲ್ಲ. ಆದರೆ 1948ರಿಂದ ಈಚೆಗೆ ಎರಡು ಸರ್ಕಾರಗಳು ಸಿಟ್ಟಾದಾಗಲೆಲ್ಲ ಮೊದಲು ಮುಚ್ಚಿದ್ದು ಮದುವೆಯಾದವರ ದಾರಿ, ಕೊನೆಗೆ ತೆರೆದದ್ದೂ ಅದೇ. ಊರು ಬಿಟ್ಟು ಹೋಗುವವಳು ಹೆಣ್ಣುಮಗಳಾದ್ದರಿಂದ ಪರ್ಮಿಟ್, ಪಾಸ್‌ಪೋರ್ಟ್, ವೀಸಾ ಎಲ್ಲದರ ಭಾರ ಬಿದ್ದದ್ದೂ ಹೆಚ್ಚಾಗಿ ಆಕೆಯ ತಲೆಯ ಮೇಲೆ. ಸರಿಯಾದ ದಾರಿಯಲ್ಲಿ ಬಂದು, ತಪಾಸಣೆ ಮುಗಿಸಿ, ವರ್ಷಗಟ್ಟಲೆ ಬಾಳಿದವರ ಅರ್ಜಿಗೆ ಹೌದು ಅಥವಾ ಇಲ್ಲ ಎಂದು ಗೊತ್ತಾದ ಅವಧಿಯಲ್ಲಿ ಹೇಳಿದರೆ ಭದ್ರತೆಗೂ ಕೇಡಿಲ್ಲ, ಸಂಸಾರಕ್ಕೂ ಕೇಡಿಲ್ಲ ಎಂಬುದು ನಮ್ಮ ಅನಿಸಿಕೆ.

ಓದುಗರಲ್ಲಿ ಯಾರ ಬಳಗದಲ್ಲಾದರೂ ಇಂಥ ಸಂಬಂಧ ಇದ್ದರೆ ಮೂರು ಮಾತು ನೆನಪಿಡಿ. ವೀಸಾ ಅವಧಿ ಮುಗಿಯುವ ಮುಂಚೆಯೇ ನವೀಕರಣದ ಅರ್ಜಿ ಹಾಕಿ, ರಸೀದಿ ಇಟ್ಟುಕೊಳ್ಳಿ. ಮಗು ಹೊರಗೆ ಹುಟ್ಟಿದರೆ ಒಂದು ವರ್ಷದೊಳಗೆ ಭಾರತೀಯ ದೂತ ಕಚೇರಿಯಲ್ಲಿ ನೋಂದಾಯಿಸಿ. ಏಜೆಂಟರ ಬಳಿ ಹೋಗುವ ಮುಂಚೆ ತಾಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಗೆ ಹೋಗಿ. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಅಲ್ಲಿ ವಕೀಲರ ನೆರವು ಉಚಿತ.

ಹುನಗುಂದದ ಆ ಅಜ್ಜಿಯನ್ನು ಮತ್ತೆ ನೋಡಿಲ್ಲ. ಸಿಕ್ಕರೆ ಹೀಗೆ ಹೇಳುತ್ತೇವೆ: ‘ಯವ್ವಾ, ಮದುವಿ ಆದಮ್ಯಾಲ ಆಕಿ ಮನಿಯಾಕಿ ಆದ್ಲು, ಖರೆ. ದೇಶದಾಕಿ ಆಗಾಕ ಇನ್ನೂ ಏಳು ವರ್ಷ ಮತ್ತ ಒಂದು ಗಂಟು ಕಾಗದ ಬೇಕು.’

ಅಜ್ಜಿ ಏನು ಹೇಳಬಹುದು ಎಂದು ಊಹಿಸಬಲ್ಲೆವು. ಹಿರಿಯರು ಮೊಗಲಾಯಿಯ ಗೆರೆ ದಾಟಿ ಹೆಣ್ಣು ತಂದ ಸೀಮೆಯವರು ಅವರು.